ತಪ್ಪೊಪ್ಪು

ಕೊನೆಯ ಹಾಳೆಯಿಂದ ಶುರುಮಾಡುತ್ತೇನೆ.
ಯಾರೂ ಓದದ ಹಾಳೆ ಅದು.

ಎಕ್ಸೆಟರಿನ ಮೀನುಪೇಟೆಯ ಹಿಂದೆ ನಮ್ಮ ಅಚ್ಚುಮನೆ.
ಬಾಗಿಲ ಮೇಲೆ ಇನ್ನೂ ಗಂಡನ ಹೆಸರು,
ಪುಸ್ತಕಗಳ ಅಡಿಯಲ್ಲಿ 'ಟಾಲಂಡನ ವಿಧವೆ ಅಚ್ಚುಮಾಡಿದ್ದು'.
ಕೆಜಾಯ ಎಂದು ಕರೆಯುತ್ತಿದ್ದವನು ಹೋಗಿ ಐದು ವರ್ಷ.
ಚರ್ಮದ ಮಸಿಯುಂಡೆ ಮೆತ್ತಗಿರಲೆಂದು
ರಾತ್ರಿಯೆಲ್ಲ ಉಚ್ಚೆಯಲ್ಲಿ ನೆನೆಹಾಕುತ್ತೇವೆ;
ಸಾಹಿತ್ಯಕ್ಕೆ ಆ ವಾಸನೆಯೂ ಇದೆಯೆಂದು
ಚಹಾ ಕುಡಿಯುತ್ತ ಓದುವವರಿಗೆ ಗೊತ್ತಾಗುವುದಿಲ್ಲ.

ಆಕೆ ಬಂದದ್ದು ಫೆಬ್ರವರಿಯಲ್ಲಿ,
ಬೆಣ್ಣೆಬುಟ್ಟಿಯ ತಳದಲ್ಲಿ ಕವಿತೆ ಇಟ್ಟುಕೊಂಡು.
ಕಿರಿಯ ಪಾದ್ರಿಯೊಬ್ಬನ ಹೆಂಡತಿ.
ಚರ್ಚಿನ ಹಳೆಯ ಲೆಕ್ಕದ ಹಾಳೆಗಳ ಬೆನ್ನಿಗೆ ಬರೆದಿದ್ದಳು:
ಈ ಮಗ್ಗುಲು ಮೇಣದಬತ್ತಿ ಹನ್ನೆರಡು, ಗೋರಿ ಅಗೆದ ಕೂಲಿ;
ಆ ಮಗ್ಗುಲು ಹೆಬ್ಬಾತು ಕೊಯ್ಯುವ ಬೆಳಗಿನ ಮೇಲೆ ನಲವತ್ತು ಸಾಲು.
ಮೊಳೆ ಜೋಡಿಸುತ್ತ ನನ್ನ ಕೈ ಎರಡು ಸಲ ನಿಂತಿತು.
ನಾನು ಓದುವುದು ಸೀಸದಲ್ಲಿ, ತಲೆಕೆಳಗಾಗಿ, ಒಂದೊಂದೇ ಅಕ್ಷರ;
ಹಾಗೆ ಓದಿದರೂ ಕೈ ಹಿಡಿದ ಕವಿತೆ ಕಡಿಮೆ.

ಮುನ್ನುಡಿ ಮಾತ್ರ ಎಲ್ಲರದ್ದೇ ಮುನ್ನುಡಿ:
'ವಿರಾಮದ ವೇಳೆಯಲ್ಲಿ, ಪ್ರಕಟಣೆಯ ಆಸೆಯಿಲ್ಲದೆ,
ಗೆಳತಿಯರ ಒತ್ತಾಯಕ್ಕೆ ಮಣಿದು...'
ಯಾವ ವಿರಾಮ ತಾಯಿ, ಕೇಳಿದೆ. ಆರು ಮಕ್ಕಳು, ಒಬ್ಬಳೇ ಆಳು.
ನಕ್ಕಳು. ಗೆಳತಿಯರೂ ಇಲ್ಲ, ಅಂದಳು.
ಆದರೂ ಇರಲಿ; ಬಾಗಿಲಲ್ಲಿ ಕಾಲೊರೆಸಿಕೊಳ್ಳದೆ
ನಮ್ಮನ್ನು ಯಾರು ಒಳಗೆ ಬಿಡುತ್ತಾರೆ?

ಚಂದಾದಾರರ ಪಟ್ಟಿಯೇ ಹದಿಮೂರು ಪುಟ.
ಡೀನರ ಪತ್ನಿ, ಎರಡು ಪ್ರತಿ. ನೌಕಾದಳದ ಕ್ಯಾಪ್ಟನ್, ಒಂದು, ಹಣ ಬಾಕಿ.
ಸಕ್ಕರೆ ವ್ಯಾಪಾರಿಯೊಬ್ಬ ಆರು,
ತನ್ನ ಹೆಸರು ದೊಡ್ಡದಾಗಿರಲಿ ಎಂಬ ಚೀಟಿಯೊಡನೆ.
ದೊಡ್ಡಕ್ಷರದ ಮೊಳೆ ಸಾಲದೆ ಪಕ್ಕದ ಬೀದಿಯಿಂದ ಎರವಲು ತಂದೆ.
ಮುಖಪುಟಕ್ಕೆ ಬಂದರೆ 'ಒಬ್ಬ ಮಹಿಳೆಯಿಂದ', ಅಷ್ಟೇ.
ಅದು ಗಂಡನ ಷರತ್ತು. ಸಹಿಯೂ ಅವನದು.
ಮುಂಗಡದ ಹನ್ನೆರಡು ಗಿನಿ ಎಣಿಸಿಕೊಂಡ, ರಸೀದಿ ಕೊಟ್ಟ,
ನನ್ನ ಹೆಂಡತಿಯ ಕೈಬರಹ ದುಂಡಗಿದೆ, ಅಂದ.
ಕಾನೂನಿನ ಲೆಕ್ಕದಲ್ಲಿ ಬರೆದ ಕೈಯೂ ಅವನದೇ.
ನನ್ನವನು ಸತ್ತ ಮೇಲೆ ನನ್ನ ಕೈ ನನಗೆ ವಾಪಸು ಬಂತು;
ಇದನ್ನು ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಕರಡು ತಿದ್ದಲು ಬಂದವಳು ಕೇಳಿದಳು:
ತಪ್ಪೊಪ್ಪಿನ ಪಟ್ಟಿಯನ್ನು ಯಾರಾದರೂ ಓದುತ್ತಾರೆಯೇ?
ಇಲ್ಲ, ಅಂದೆ.
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಕೆಲಸದ ಹುಡುಗನನ್ನು ಬಿಯರ್ ತರಲು ಕಳಿಸಿದೆ.

ಡಾಮರಿಸ್. ಮೊಳೆಯ ಲೆಕ್ಕದಲ್ಲಿ ಏಳು.
ಏಳು ತಪ್ಪು ಬೇಕಿತ್ತು.
ಸರಿಯಿದ್ದ ಸಾಲುಗಳನ್ನು ಕೂತು ಕೆಡಿಸಿದೆವು,
ಪರರ ತೋಟದ ಸೇಬು ಕೀಳುವ ಹುಡುಗಿಯರ ಹಾಗೆ ಬಾಯಿ ಮುಚ್ಚಿಕೊಂಡು.
ಎಂಟನೇ ಪುಟದಲ್ಲಿ 'ಬೆಳಕು' ಎಂದಿರುವಲ್ಲಿ 'ಕತ್ತಲು' ಎಂದು ಓದಿ.
ಹತ್ತೊಂಬತ್ತರಲ್ಲಿ 'ತಾಳ್ಮೆ' ಎಂದಿರುವಲ್ಲಿ 'ಕೋಪ'.
ಮೂವತ್ತರಲ್ಲಿ 'ಅವನದು' ಅಲ್ಲ, 'ನನ್ನದು'.
ಕಟ್ಟಕಡೆಗೆ, 'ಸಕ್ಕರೆ' ಇರುವಲ್ಲಿ 'ಉಪ್ಪು'.
ಒಪ್ಪುಗಳ ಮೊದಲ ಮೊಳೆಗಳ ಮೇಲೆ
ಮೇಲಿನಿಂದ ಕೆಳಕ್ಕೆ ಬೆರಳು ಇಳಿಸಿದರೆ
ಅವಳು ಸಿಗುತ್ತಾಳೆ.

ಲಂಡನ್ನಿನ ಮಾಸಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಗೋಧಿಯ ದರಕ್ಕಿಂತ ಮೇಲೆ:
'ಭಾವ ಕೋಮಲ. ಅಚ್ಚಿನ ತಪ್ಪುಗಳು ಹೇರಳ;
ಹೆಂಗಸು ಬರೆದು ಹೆಂಗಸೇ ಅಚ್ಚುಮಾಡಿದ್ದರಿಂದ ಕ್ಷಮ್ಯ.'
ಆ ಹಾಳೆಯನ್ನು ಡಾಮರಿಸ್
ಬೆಣ್ಣೆಬುಟ್ಟಿಯ ತಳಕ್ಕೆ ಹಾಸಿಕೊಂಡು ಹೋದಳು.

ಇನ್ನೊಂದಿದೆ. ಐವತ್ತೆರಡನೇ ಪುಟದಲ್ಲಿ
'ಕೆ' ಮೊಳೆಯೊಂದು ತಲೆಕೆಳಗಾಗಿ ನಿಂತಿದೆ. ಪಟ್ಟಿಯಲ್ಲಿ ಇಲ್ಲ.
ನಾನು ಬೇಕೆಂದೇ ಇಟ್ಟೆನೆಂದು ಅವಳು ತಿಳಿದಿದ್ದಾಳೆ.
ಅಲ್ಲ, ಅದು ನಿಜವಾದ ತಪ್ಪು;
ದೀಪ ಮಂಕಾಗಿತ್ತು, ಕಣ್ಣೂ.
ಇನ್ನೂರೈವತ್ತು ಪ್ರತಿ ಹಗ್ಗದ ಮೇಲೆ ಒಣಗಿದ ನಂತರ ಕಂಡಿತು.
ಹಾಗೇ ಬಿಟ್ಟೆ.